ದೋಣಿಗೆ ಎಂಟನೆಯವನು

ಕಮೆಸೆ ದ್ವೀಪ
೧೮ ನವೆಂಬರ್ ೧೯೬೯

ತೊಕುಮಾ,

ಕಾಗದವನ್ನು ಹವಾಮಾನದಿಂದ ಆರಂಭಿಸಬೇಕೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರಲ್ಲ. ಆಚೆ ದಡದವರಿಗೆ ಅದು ಶಿಷ್ಟಾಚಾರ, ನಮಗೆ ಅದೇ ಸುದ್ದಿ. ವಾಯವ್ಯದ ಗಾಳಿ ಶುರುವಾಗಿದೆ. ಹೋದ ಸಲದ ಹಡಗು ನಿಲ್ಲಲಿಲ್ಲ. ಅದರ ಹಿಂದಿನದು ನಿಂತಿತು. ಅದಕ್ಕೂ ಹಿಂದಿನದು ಒಮ್ಮೆ ಸೀಟಿ ಊದಿ, ನಮ್ಮ ಅಕ್ಕಿಯನ್ನು ಹೊತ್ತುಕೊಂಡೇ ದಕ್ಷಿಣಕ್ಕೆ ಹೋಯಿತು.

ನಿಂತ ಹಡಗಿನಿಂದ ಜಿಲ್ಲಾ ಕಚೇರಿಯವರೊಬ್ಬರು ಇಳಿದರು. ದೋಣಿಯಿಂದ ದಡಕ್ಕೆ ಹಾರುವಾಗ ಸೊಂಟದವರೆಗೆ ನೆನೆದುಹೋದರು. ಊರ ಹಿರಿಯ ಕುಹಾಚಿ ಅಜ್ಜ ತಮ್ಮ ಹಬ್ಬದ ಬಟ್ಟೆ ಕೊಟ್ಟರು. ಅದನ್ನು ಉಟ್ಟುಕೊಂಡು ಕೂತು ಆ ಮನುಷ್ಯ, "ಇಂಥ ಕಡೆ ಹೇಗ್ರೀ ಬದುಕ್ತೀರಾ?" ಎಂದು ಕೇಳಿದರು.

"ಒದ್ದೆಯಾಗಿ" ಎಂದರು ನಿನ್ನ ಭಾವ.

ಹಡಗು ದಡಕ್ಕೇ ಬಂದು ನಿಲ್ಲಲು ಧಕ್ಕೆ ಕಟ್ಟಿಸಿಕೊಡುತ್ತೇವೆ ಎಂದು ಅಪ್ಪನ ಕಾಲದಿಂದ ಹೇಳುತ್ತಿದ್ದ ಕಚೇರಿ ಈ ಸಲ ಧಕ್ಕೆಯ ಮಾತೇ ಎತ್ತಲಿಲ್ಲ. ಊರೆಲ್ಲ ಒಟ್ಟಿಗೆ ದ್ವೀಪ ಬಿಟ್ಟು ಬಂದರೆ ಆಚೆ ದಡದ ಕಾಗೊಶಿಮಾದಲ್ಲಿ ಮನೆ ಕೊಡುತ್ತಾರಂತೆ. ಎಲ್ಲರೂ ಒಪ್ಪಿಗೆ ಪತ್ರಕ್ಕೆ ತಮ್ಮ ತಮ್ಮ ಹೆಸರಿನ ಮುದ್ರೆ ಒತ್ತಬೇಕಂತೆ.

ಲೆಕ್ಕ ನಿನಗೆ ಗೊತ್ತಿರುವುದೇ. ದೋಣಿಗೆ ಎಂಟು ಜನ: ಚುಕ್ಕಾಣಿಗೆ ನಿನ್ನ ಭಾವ, ಹುಟ್ಟು ಹಾಕಲು ಆರು, ಹಡಗಿನ ಹಗ್ಗ ಹಿಡಿಯಲು ಒಬ್ಬ. ಒಕಿನೊ ಮನೆಯ ಅಪ್ಪ ಮಗ ಸೆಪ್ಟೆಂಬರಿನಲ್ಲಿ ಊರು ಬಿಟ್ಟರು. ಈಗ ಶಾಲೆಯ ಹಿದಕಾ ಮೇಷ್ಟ್ರನ್ನೂ ಸೇರಿಸಿಕೊಂಡು ಸರಿಯಾಗಿ ಎಂಟು. ಮೇಷ್ಟ್ರು ಬಂದ ಹೊಸದರಲ್ಲಿ ಹುಟ್ಟನ್ನು ಪೊರಕೆ ಹಿಡಿದ ಹಾಗೆ ಹಿಡಿಯುತ್ತಿದ್ದರು, ಈಗ ಪರವಾಗಿಲ್ಲ. ಅವರಿಗೂ ಮಾರ್ಚಿಗೆ ವರ್ಗ. ಏಳು ಜನರಿದ್ದರೆ ಸಮುದ್ರ ತಟ್ಟೆಯ ಹಾಗಿರುವ ದಿನ ಮಾತ್ರ ದೋಣಿ ಇಳಿಸಬಹುದು. ಚಳಿಗಾಲದಲ್ಲಿ ಅಂಥ ದಿನ ಎಲ್ಲಿದೆ? ದೋಣಿ ಇಳಿಯದಿದ್ದರೆ ಅಕ್ಕಿ ಇಲ್ಲ, ಔಷಧಿ ಇಲ್ಲ, ಈ ಕಾಗದವೂ ಇಲ್ಲ.

ಏಪ್ರಿಲ್ ಮೊದಲ ಹಡಗಿನ ತನಕ ಕುಹಾಚಿ ಅಜ್ಜ ಸಮಯ ಕೇಳಿದ್ದಾರೆ. ಆ ಹಡಗಿನಿಂದ ಎಂಟನೆಯವನು ಇಳಿದರೆ ನಾವು ಉಳಿಯುತ್ತೇವೆ. ಇಳಿಯದಿದ್ದರೆ ಅದೇ ದಿನ ಮುದ್ರೆ. ಎಂಟನೆಯವನು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲವಷ್ಟೆ.

ಬಾ ಎಂದು ಬರೆಯಲು ನಿನ್ನ ಭಾವ ಹೇಳಿಲ್ಲ. ಬರೆಯಬೇಡ ಎಂದೂ ಹೇಳಿಲ್ಲ. ಹೇಳುತ್ತಿರುವವಳು ನಾನು. ಬಾ.

ಶಿಗೆನೊ


ಒಸಾಕಾ
೨೧ ಡಿಸೆಂಬರ್ ೧೯೬೯

ಪ್ರೀತಿಯ ಅಕ್ಕ,

ನಿನ್ನ ಕಾಗದ ನಿನ್ನೆ ಕೈಸೇರಿತು. ಇಲ್ಲಿ ಹವಾಮಾನ ಎನ್ನುವಂಥದ್ದೇನೂ ಇಲ್ಲ. ಮಳೆ ಬಂದರೆ ಕಾಂಕ್ರೀಟಿನ ಮೇಲೆ ಟಾರ್ಪಾಲು ಎಳೆಯುತ್ತೇವೆ, ನಿಂತರೆ ತೆಗೆಯುತ್ತೇವೆ. ಮಾರ್ಚಿನಲ್ಲಿ ಇಲ್ಲಿ ವಿಶ್ವಮೇಳ. ಲೋಕದ ದೇಶಗಳೆಲ್ಲ ಬಂದು ಒಂದೊಂದು ವಿಚಿತ್ರ ಕಟ್ಟಡ ಕಟ್ಟಿಸುತ್ತಿವೆ. ನನಗೆ ಸಿಕ್ಕಿರುವುದು ಮೂತ್ರಿಖಾನೆಗಳ ಸಾಲು. ಅದೂ ಬೇಕಲ್ಲ.

ಮೇಸ್ತ್ರಿ ಕಟಯಾಮ ಒಳ್ಳೆಯವರು. ಮೇಳ ಮುಗಿದ ಮೇಲೂ ಕಾಯಂ ಕೆಲಸ ಕೊಡುತ್ತೇನೆ ಎಂದಿದ್ದಾರೆ. ಕೋಣೆಯಲ್ಲಿ ನಾಲ್ವರಿದ್ದೇವೆ. ಮೊನ್ನೆ ಒಬ್ಬ ನಮ್ಮೂರಿನ ವಿಷಯ ಕೇಳಿದ.

"ಸಿನಿಮಾ ಇದ್ಯಾ?"

"ಇಲ್ಲ."

"ಬಸ್ಸು?"

"ಇಲ್ಲ."

"ಮತ್ತೇನಿದೆ ಮಾರಾಯ ಅಲ್ಲಿ?"

"ಹಡಗು ಬರುತ್ತೆ."

"ದಿನಾನಾ?"

ನಾನು ಮಾತು ಬದಲಿಸಿದೆ.

ಅಕ್ಕ, ನೀನು ಬಾ ಎಂದದ್ದು ಸರಿ. ಆದರೆ ನಾನು ಊರು ಬಿಟ್ಟ ದಿನವನ್ನು ನೀನು ದಡದಿಂದ ನೋಡಿದವಳು, ದೋಣಿಯಲ್ಲಿ ಆಡಿದ ಮಾತು ನಿನಗೆ ಕೇಳಿಸಿರಲಿಲ್ಲ. ಹಡಗಿನ ಏಣಿಗೆ ಕಾಲಿಡುವಾಗ ಭಾವ ಹೇಳಿದರು: "ಇವತ್ತು ದೋಣೀಲಿ ಕೂರಿಸ್ಕೊಂಡು ಬಂದಿದೀನಿ. ವಾಪಸ್ ಬರೋ ಹಾಗಿದ್ರೆ ಈಜ್ಕೊಂಡು ಬಾ. ನಿನಗೋಸ್ಕರ ದೋಣಿ ಇಳಿಸಲ್ಲ." ದೋಣಿಯಲ್ಲಿದ್ದ ಎಲ್ಲರೂ ಕೇಳಿಸಿಕೊಂಡರು. ಯಾರೂ ನಗಲಿಲ್ಲ. ಆರು ವರ್ಷವಾಯಿತು, ಆ ಮಾತು ಇನ್ನೂ ಕಿವಿಯಲ್ಲಿದೆ.

ಭಾವ ಒಮ್ಮೆ ಬಾ ಎನ್ನಲಿ, ಯೋಚಿಸುತ್ತೇನೆ.

ಇದರ ಜೊತೆ ನಿನಗೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಇಲ್ಲಿನ ಅಂಗಡಿಯಲ್ಲಿ ಒಣಗಿಸಿದ ಹಾರುಮೀನು ಸಿಗುತ್ತದೆ. ರುಚಿಯಿಲ್ಲ.

ತೊಕುಮಾ


ಕಮೆಸೆ ದ್ವೀಪ
೯ ಫೆಬ್ರವರಿ ೧೯೭೦

ತೊಕುಮಾ,

ಡಿಸೆಂಬರಿನ ಕಾಗದವನ್ನು ಇವತ್ತು ಓದಿದೆ. ಜನವರಿಯಿಡೀ ಹಡಗು ನಮ್ಮ ಕಣ್ಣೆದುರೇ ಹೋಗಿಬಂದು ಮಾಡಿತು, ನಿಲ್ಲಲಿಲ್ಲ. ಅಕ್ಕಿ ಹೊಸವರ್ಷಕ್ಕೆ ಮೊದಲೇ ಮುಗಿಯಿತು. ಹಬ್ಬದ ಅಕ್ಕಿಕಡುಬಿನ ಬದಲು ಗೆಣಸು ಕುಟ್ಟಿ ಉಂಡೆ ಕಟ್ಟಿ ದೇವರ ಮುಂದಿಟ್ಟೆವು. "ದೇವ್ರಿಗೂ ಗೊತ್ತಾಗಲಿ ಬಿಡು" ಎಂದರು ಕುಹಾಚಿ ಅಜ್ಜ. ಕಾಲುಚೀಲ ಬೆಚ್ಚಗಿದೆ.

ಇನ್ನು ನಿನ್ನ ಮಾತಿಗೆ ಬರೋಣ. ಭಾವ ಬಾ ಎನ್ನಲಿ ಎಂದು ಬರೆದಿದ್ದೀಯಲ್ಲ, ನಿನಗೆ ವಾದ್ಯ ಬಾರಿಸಿ ಕರೆಯಬೇಕೇನು? ಒಕಿನೊ ಮನೆಯವರು ಹೊರಟಾಗಲೂ ನಿನ್ನ ಭಾವ ಅದೇ ಮಾತು ಹೇಳಿದರು. ಭಾವನ ಅಪ್ಪ ತಮ್ಮ ಸ್ವಂತ ತಮ್ಮನಿಗೂ ಅದನ್ನೇ ಹೇಳಿದ್ದರಂತೆ. ದೋಣಿಯವರ ಬಾಯಲ್ಲಿ ಹೋಗಿ ಬಾ ಎನ್ನುವುದಕ್ಕೆ ಬೇರೆ ಮಾತು ಬರುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದ ನಿನಗೆ ಇದನ್ನು ಬಿಡಿಸಿ ಹೇಳಬೇಕಾಯಿತಲ್ಲ!

ಆದರೂ ನಿನ್ನ ಕಾಗದ ಅವರಿಗೆ ಓದಿ ಹೇಳಿದೆ, ಓದು ಬಂದರೂ ಅವರಿಗೆ ನನ್ನಿಂದ ಕೇಳುವುದೇ ರೂಢಿ. ಪೂರ್ತಿ ಕೇಳಿ, "ಅವನಿಗೆ ಈಜು ಬರುತ್ತಲ್ಲ" ಎಂದು ಎದ್ದು ಹೋದರು.

ಜನವರಿಯಲ್ಲಿ ಕೆಲಸವಿರಲಿಲ್ಲ. ಅವರು ಗುಡ್ಡದಿಂದ ಒಂದು ಗಟ್ಟಿಮರ ಕಡಿದು ತಂದು ಹುಟ್ಟು ಕೆತ್ತಲು ಕೂತರು.

"ಯಾರಿಗೆ ಇದು?" ಎಂದೆ.

"ಹಳೇದು ಸೀಳಿದೆ."

"ಯಾವ್ದೂ ಸೀಳಿಲ್ಲ, ನೋಡ್ಕೊಂಡು ಬಂದೆ."

"ಸೀಳತ್ತೆ ಬಿಡೇ."

ಹುಟ್ಟಿನ ಹಿಡಿ ಉದ್ದವಾಗಿದೆ. ಅಷ್ಟು ಎತ್ತರದ ಗಂಡಸು ಈಗ ಊರಿನಲ್ಲಿ ಯಾರೂ ಇಲ್ಲ. ನಾನು ಇಷ್ಟೇ ಬರೆಯುತ್ತೇನೆ.

ಶಿಗೆನೊ


ಒಸಾಕಾ
೨೨ ಮಾರ್ಚ್ ೧೯೭೦

ಅಕ್ಕ,

ಬರುತ್ತಿದ್ದೇನೆ. ಏಪ್ರಿಲ್ ಮೊದಲ ಹಡಗು.

ಹುಟ್ಟಿನ ವಿಷಯ ಓದಿ ಎರಡು ದಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮೂರನೆಯ ದಿನ ಮೇಸ್ತ್ರಿಗೆ ಹೇಳಿಯೇಬಿಟ್ಟೆ.

"ಅಲ್ಲಯ್ಯಾ, ಲೋಕವೆಲ್ಲ ಒಸಾಕಾಕ್ಕೆ ಬರ್ತಿದೆ, ನೀನು ವಾಪಸ್ ಹೋಗ್ತೀನಿ ಅಂತೀಯಲ್ಲ. ಅಲ್ಲಿ ಏನು ಕೆಲಸ?"

"ದೋಣಿಗೆ ಒಬ್ಬ ಕಮ್ಮಿ ಇದಾನೆ."

"ಒಬ್ಬನಿಗೋಸ್ಕರ ಹೋಗ್ತೀಯಾ?"

"ಆ ಒಬ್ಬ ನಾನೇ ಸ್ವಾಮಿ."

ಅವರು ಬೈಯಲಿಲ್ಲ. ಹೊರಡುವಾಗ ಹೊಸ ಬಿಳಿ ಟವೆಲ್ ಕೊಟ್ಟರು. ಇಲ್ಲಿ ಕೆಲಸ ಬಿಡುವವರಿಗೆಲ್ಲ ಕೊಡುತ್ತಾರೆ.

ಈ ಕಾಗದ ಮಾರ್ಚ್ ಕೊನೆಯ ಹಡಗಿನಲ್ಲಿ ಬಂದು ನನಗಿಂತ ಮೊದಲೇ ನಿನ್ನ ಕೈಸೇರುತ್ತದೆ. ಕುಹಾಚಿ ಅಜ್ಜನಿಗೆ ಹೇಳು, ಮುದ್ರೆಗಳನ್ನು ಡಬ್ಬಿಯಿಂದ ತೆಗೆಯುವುದು ಬೇಡ. ಹಡಗಿನ ಮುಂಭಾಗದಲ್ಲಿ ನಿಂತು ಟವೆಲ್ ಬೀಸುತ್ತೇನೆ, ದಡದಲ್ಲಿದ್ದವರಿಗೆ ನಾನೇ ಎಂದು ಗೊತ್ತಾಗಲಿ. ಆಮೇಲೂ ಭಾವ ದೋಣಿ ತರದಿದ್ದರೆ ನೀರಿಗೆ ಹಾರುತ್ತೇನೆ. ನೀನು ಒಣಬಟ್ಟೆ ಹಿಡಿದು ನಿಂತಿರು.

ಖುಷಿಯಾಗಿದೆ ಅಕ್ಕ. ಹೇಳಬೇಕೆನಿಸಿತು.

ತೊಕುಮಾ


ಕಮೆಸೆ ದ್ವೀಪ
೨ ಏಪ್ರಿಲ್ ೧೯೭೦

ತೊಕುಮಾ,

ಮಾರ್ಚ್ ಕೊನೆಯ ಹಡಗು ಬಿರುಗಾಳಿಗೆ ಕಾಗೊಶಿಮಾ ಬಿಟ್ಟು ಹೊರಡಲೇ ಇಲ್ಲ. ಏಪ್ರಿಲಿನದು ಇವತ್ತು ಬೆಳಗ್ಗೆ ಬಂತು.

ಅಲೆ ಇತ್ತು, ಆದರೆ ಕೆಟ್ಟದಾಗಿರಲಿಲ್ಲ. ನಿನ್ನ ಭಾವ ನೀರು ನೋಡಿ "ಆಗತ್ತೆ" ಎಂದರು. ಗಂಡಸರು ದೋಣಿಯನ್ನು ನೀರಂಚಿಗೆ ತಂದರು, ಹೆಂಗಸರು ಹಿಂದೆ ತಳ್ಳಲು ನಿಂತೆವು. ಹಿದಕಾ ಮೇಷ್ಟ್ರು ಟ್ರಂಕನ್ನು ದೋಣಿಯೊಳಗಿಟ್ಟು ತಮ್ಮ ಹುಟ್ಟು ಹಿಡಿದರು. ನಿನಗೆಂದು ಮಾಡಿದ ಹುಟ್ಟನ್ನೂ ನಿನ್ನ ಭಾವ ಒಳಗೆ ಇಟ್ಟಿದ್ದರು.

ಹಡಗು ಹತ್ತಿರ ಬಂತು. ಅಷ್ಟರಲ್ಲಿ ಮುಂಭಾಗದಿಂದ ಬಿಳಿ ಬಟ್ಟೆ ಬೀಸಿದರು. ಬಿಳಿ ಬಟ್ಟೆ ಎಂದರೆ ಇವತ್ತು ನಿಲ್ಲುವುದಿಲ್ಲ, ದೋಣಿ ಇಳಿಸಬೇಡಿ ಎಂದು. ಎರಡು ವರ್ಷದ ಹಿಂದೆ ದೋಣಿ ಮಗುಚಿ ಹುಟ್ಟು ಹಾಕುತ್ತಿದ್ದ ಸೆಂಜಿ ಕಾಲು ಮುರಿದುಕೊಂಡ ಮೇಲೆ ಕ್ಯಾಪ್ಟನ್ನೂ ನಿನ್ನ ಭಾವನೂ ಮಾಡಿಕೊಂಡ ಏರ್ಪಾಡು ಇದು. ಗಾಳಿಯಿದ್ದರೆ ಸೀಟಿ ಕೇಳಿಸುವುದಿಲ್ಲವಲ್ಲ. ನಿನಗೆ ಇದನ್ನು ಬರೆದ ನೆನಪಿಲ್ಲ. ಇಂಥದ್ದನ್ನೆಲ್ಲ ಯಾರು ಬರೆಯುತ್ತಾರೆ?

ಬೀಸಿದವನು ಬಹಳ ಹುರುಪಿನಿಂದ ಬೀಸಿದ. "ಯಾರೋ ಹೊಸ ಖಲಾಸಿ ಇರ್ಬೇಕು, ಕೈ ಕಿತ್ತು ಬರೋ ಹಾಗೆ ಬೀಸ್ತಾನೆ ನೋಡ್ರೋ" ಎಂದು ಕುಹಾಚಿ ಅಜ್ಜ ನಕ್ಕರು. ನಾವೂ ನಕ್ಕೆವು. ನಿನ್ನ ಭಾವ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ "ಎಳೀರಿ ಮೇಲಕ್ಕೆ" ಎಂದರು. ಹಡಗು ಸ್ವಲ್ಪ ಹೊತ್ತು ಅಲ್ಲೇ ಓಲಾಡಿ ಹೊರಟುಹೋಯಿತು.

ನೀನು ಅದರಲ್ಲಿ ಇರಲಿಲ್ಲ. ಬರುವವನಾಗಿದ್ದರೆ ಒಂದು ಸಾಲಾದರೂ ಮೊದಲೇ ಬರೆದು ತಿಳಿಸುತ್ತಿದ್ದೆ. ಹಿಂದಿನ ಹಡಗಿನಲ್ಲಿ ನಿನ್ನ ಕಾಗದವಿರಲಿಲ್ಲ, ಅದರ ಹಿಂದಿನದರಲ್ಲೂ ಇರಲಿಲ್ಲ.

ಸಂಜೆ ಎಲ್ಲರೂ ಶಾಲೆಯಲ್ಲಿ ಸೇರಿದೆವು. ಕುಹಾಚಿ ಅಜ್ಜ ಮೊದಲು ಮುದ್ರೆ ಒತ್ತಿದರು, ನಿನ್ನ ಭಾವ ಕೊನೆಗೆ. ಅವರ ಮುದ್ರೆ ಓರೆಯಾಗಿ ಬಿತ್ತು. ಜುಲೈಯಲ್ಲಿ ಹೊರಡುವುದು. ಹಸುಗಳನ್ನು ಅದಕ್ಕೆ ಮೊದಲೇ ಮಾರಬೇಕು.

ನೀನು ನಿನ್ನ ಮೂತ್ರಿಖಾನೆ ಕಟ್ಟಿಕೊಂಡು ಸುಖವಾಗಿರು. ಈಜು ಬರುವವನಿಗೆ ಮನಸ್ಸು ಬರಲಿಲ್ಲ ಎಂದುಕೊಳ್ಳುತ್ತೇನೆ.

ಕೋಪದಲ್ಲಿ ಬರೆದದ್ದು. ತಣ್ಣಗಾದ ಮೇಲೆ ಇನ್ನೊಮ್ಮೆ ಓದಿ ಟಪಾಲು ಚೀಲಕ್ಕೆ ಹಾಕುತ್ತೇನೆ.

ಶಿಗೆನೊ


ನಾಜೆ ಬಂದರು
೪ ಏಪ್ರಿಲ್ ೧೯೭೦

ಶಿಗೆನೊ ಅಕ್ಕನವರಿಗೆ,

ತಾವೆಲ್ಲ ಆರೋಗ್ಯವಾಗಿರುವುದನ್ನು ಹಡಗಿನಿಂದಲೇ ಕಂಡೆ. ನಾನೂ ಆರೋಗ್ಯವಾಗಿದ್ದೇನೆ.

ನಾನು ಬರೆದ ಕಾಗದ ಬಿರುಗಾಳಿಯಿಂದಾಗಿ ಕಾಗೊಶಿಮಾದಲ್ಲೇ ಉಳಿದಿತ್ತು. ನಾನೂ ಅದೂ ಒಂದೇ ಹಡಗಿನಲ್ಲಿ ಬಂದೆವು. ಹಾಗಾಗಿ ನಾನು ಬರುವುದು ತಮಗೆ ಗೊತ್ತಿರಲಿಲ್ಲ ಎಂದು ಹೇಳಬಹುದು. ಆದರೆ ಕಂಡ ಮೇಲೆ ಗೊತ್ತಾಗಿರಬೇಕು.

ದೋಣಿ ನೀರಂಚಿನಲ್ಲಿತ್ತು. ಹಿಂಭಾಗದಲ್ಲಿ ಸಾಮಾನಿನ ಹಗ್ಗ ನೋಡಿಕೊಳ್ಳುತ್ತಿದ್ದ ಖಲಾಸಿ "ಈಗ ಬರ್ತಾರೆ, ಗಂಟು ಎತ್ಕೊಂಡು ರೆಡಿಯಾಗು" ಎಂದಿದ್ದ. ನಾನು ಮುಂದೆ ಹೋಗಿ ಟವೆಲ್ ಬೀಸಿದೆ. ಚಿಕ್ಕ ಹುಡುಗನ ಹಾಗೆ ಬೀಸಿದೆ. ದಡದಲ್ಲಿ ನೀವೆಲ್ಲ ನಗುತ್ತಿದ್ದಿರಿ. ನನ್ನನ್ನು ನೋಡಿ ಖುಷಿಯಾಗಿದೆ ಎಂದುಕೊಂಡೆ. ಭಾವ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನೇ ನೋಡಿದರು. ಗುರುತು ಸಿಕ್ಕಿತು, ಅದರಲ್ಲಿ ಅನುಮಾನವಿಲ್ಲ. ಆಮೇಲೆ ದೋಣಿಯನ್ನು ಮೇಲಕ್ಕೆ ಎಳೆಸಿದರು.

ಖಲಾಸಿ ಓಡಿಬಂದು, "ಏನಯ್ಯಾ ಇದು, ವಾಪಸ್ ಎಳ್ಕೊಂಡು ಹೋದ್ರಲ್ಲ! ನೀನು ಅವರಿಗೆ ಬೇಡ್ವೇನೋ" ಎಂದು ತಮಾಷೆ ಮಾಡಿದ. ದೋಣಿ ಬಾರದಿದ್ದರೆ ಹಡಗು ಕಾಯುವುದಿಲ್ಲ.

ಭಾವ ಕೊಟ್ಟ ಮಾತಿಗೆ ತಪ್ಪುವವರಲ್ಲ. ನಾನೇ ಮರೆತಿದ್ದೆ. ಹಾರುತ್ತೇನೆ ಎಂದು ಬರೆದಿದ್ದೆ, ಹಾರಲಿಲ್ಲ. ಬೇಡದವರ ಮನೆಗೆ ಈಜಿಕೊಂಡು ಹೋಗುವುದು ಹೇಗೆ? ಆರು ವರ್ಷದಲ್ಲಿ ನಾನು ಅತ್ತದ್ದು ಅವತ್ತೊಂದೇ ದಿನ.

ನಮ್ಮ ಹಡಗಿನ ಕೊನೆಯ ನಿಲ್ದಾಣವಾದ ಇಲ್ಲಿಂದ ಬೇರೆ ಹಡಗು ಹಿಡಿದು ಒಸಾಕಾಕ್ಕೆ ಹಿಂತಿರುಗುತ್ತೇನೆ. ಮೇಸ್ತ್ರಿ ಕೆಲಸ ಕೊಡುತ್ತಾರೆ. ಇನ್ನು ನನ್ನನ್ನು ಲೆಕ್ಕಕ್ಕೆ ಸೇರಿಸಬೇಡಿ.

ತೊಕುಮಾ


ಕಮೆಸೆ ದ್ವೀಪ
೧೪ ಏಪ್ರಿಲ್ ೧೯೭೦

ಇದು ಎರಡನೆಯ ತಾರೀಕು ನಿನಗೆ ಬರೆದಿಟ್ಟ ಕಾಗದದ ಹಿಂಬದಿ. ಕೋಪ ಇಳಿಯಲಿ ಎಂದು ಅದನ್ನು ಚೀಲಕ್ಕೆ ಹಾಕದೆ ಉಳಿಸಿಕೊಂಡೆ. ಸದ್ಯ ಹಾಕಲಿಲ್ಲ. ಇನ್ನು ಇದು ನಿನಗೆ ಬರುವುದೂ ಇಲ್ಲ. ಯಾರಿಗಾದರೂ ಹೇಳದೆ ಇರಲಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಇವತ್ತು ಹಡಗು ನಿಂತಿತು. ಮೇಷ್ಟ್ರು ಹೊರಟರು. ನಮ್ಮ ಚೀಲ ಹಗ್ಗದಲ್ಲಿ ಮೇಲೆ ಹೋಯಿತು, ಅದರಲ್ಲಿ ಊರಿನ ಒಪ್ಪಿಗೆ ಪತ್ರವಿತ್ತು. ಅದೇ ಹಗ್ಗದಲ್ಲಿ ಕೆಳಗಿಳಿದ ಚೀಲದಲ್ಲಿ ನಿನ್ನ ಎರಡು ಕಾಗದ. ಮೊದಲು ಬಿಚ್ಚಿದ್ದು "ಬರುತ್ತಿದ್ದೇನೆ" ಎಂದದ್ದನ್ನು. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ.

ನಾವು ನಿನ್ನನ್ನು ನೋಡಿ ನಕ್ಕೆವು. ಖಲಾಸಿ ಎಂದು ನಕ್ಕೆವು, ನನ್ನಪ್ಪಾ.

ಎರಡನ್ನೂ ದೋಣಿಯ ಪಕ್ಕದಲ್ಲೇ ನಿನ್ನ ಭಾವನಿಗೆ ಓದಿದೆ. ಮುಗಿದ ಮೇಲೆ "ಇನ್ನೊಂದ್ಸಲ ಓದು" ಎಂದರು.

"ಯಾವ್ದನ್ನ?"

"ಬರ್ತೀನಿ ಅಂದಿದಾನಲ್ಲ, ಅದನ್ನ."

ಓದಿದೆ. ಅವರು ದೋಣಿಯ ಅಂಚು ಹಿಡಿದುಕೊಂಡು, "ಬಂದಿದ್ದ. ಬಂದೇ ಬಿಟ್ಟಿದ್ದ ಕಣೇ" ಎಂದರು. ಮೊದಲು ಅವರ ಮುಖದಲ್ಲಿ ಕಂಡದ್ದು ಸಂತೋಷ. ಅದು ಸ್ವಲ್ಪ ಹೊತ್ತಷ್ಟೇ ಇತ್ತು.

"ಇದು ಅವನಿಗೆ ಗೊತ್ತಾಗ್ಬಾರ್ದು" ಎಂದೆ. "ಊರು ಹೋಗಿದ್ದು ತನ್ನ ಕೈಯಿಂದ ಅಂತ ಸಾಯೋ ತನಕ ಹೊತ್ಕೊಂಡು ತಿರುಗ್ತಾನೆ." ಅವರು ತಲೆಯಾಡಿಸಿದರು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ಊರಿನವರಿಗೂ ಹೇಳಿಲ್ಲ. ಹೇಳಿ ಏನು? ಪತ್ರ ಹೋಗಿಯಾಯಿತು, ಮೇಷ್ಟ್ರು ಹೋಗಿಯಾಯಿತು, ಮೂರು ಮನೆಯವರು ಹಸುಗಳಿಗೆ ಮುಂಗಡ ತೆಗೆದುಕೊಂಡಾಯಿತು.

ಇದನ್ನು ಟ್ರಂಕಿನ ತಳದಲ್ಲಿ ಹಾಕುತ್ತೇನೆ. ನಾಳೆ ನಿನಗೆ ಬೇರೆ ಬರೆಯಬೇಕು.


ಕಮೆಸೆ ದ್ವೀಪ
೧೫ ಏಪ್ರಿಲ್ ೧೯೭೦

ತೊಕುಮಾ,

ಗಾಳಿ ತಿರುಗಿದೆ, ಬಿದಿರು ಕಳಲೆ ಬಂದಿದೆ, ಹಾರುಮೀನಿಗೆ ಇನ್ನು ಮೂರು ವಾರ.

ನಿನ್ನ ಎರಡೂ ಕಾಗದ ಒಟ್ಟಿಗೇ ಬಂದವು. ಎಂಥ ಹುಚ್ಚನೋ ನೀನು! ಅವತ್ತು ನೀನು ಯಾರ ಕಣ್ಣಿಗೂ ಬೀಳಲಿಲ್ಲ. ದೋಣಿ ಇಳಿಸುವಷ್ಟರಲ್ಲಿ ನಿನ್ನ ಭಾವ ಹಡಗಿನ ಆಚೆ ದೊಡ್ಡ ಅಲೆ ಏಳುವುದನ್ನು ಕಂಡರು. ಕೈ ಅಡ್ಡ ಹಿಡಿದು ನೋಡುತ್ತಿದ್ದದ್ದು ಅದನ್ನೇ. ಅದಕ್ಕೇ ಎಳೆಸಿದರು. ನಾವು ನಕ್ಕದ್ದು ಮೇಷ್ಟ್ರು ಟ್ರಂಕಿನ ಮೇಲೆ ಬಿದ್ದರೆಂದು.

ಇನ್ನೊಂದು ವಿಷಯ. ಊರು ಬಿಡುವುದು ಮಾರ್ಚಿನಲ್ಲೇ ತೀರ್ಮಾನವಾಗಿ ಎಲ್ಲರೂ ಮುದ್ರೆ ಒತ್ತಿದ್ದರು. ನಿನಗೆ ತಿಳಿಸಲು ಆಗಲಿಲ್ಲ. ನೀನು ಇಳಿದಿದ್ದರೂ ನಾವು ಹೊರಡುವವರೇ. ಹಾಗಾಗಿ ನಿನ್ನಿಂದ ಏನೂ ಆಗಿಲ್ಲ, ನೀನು ಸುಮ್ಮನೆ ಅತ್ತೆ.

ಜುಲೈ ಮೊದಲ ವಾರದಲ್ಲಿ ಹಡಗು ಬರುತ್ತದೆ. ಮುದುಕರನ್ನು, ಹಿರಿಯರ ಅಸ್ಥಿಯನ್ನು, ಮಡಕೆ ಕುಡಿಕೆಯನ್ನು ದೋಣಿಯಲ್ಲಿ ಸಾಗಿಸಬೇಕು. ಕಚೇರಿಯವರು ಬಂದರಿನಿಂದ ಆಳು ಕಳಿಸುತ್ತೇವೆ ಎಂದಿದ್ದಾರೆ. "ನಮ್ಮ ಕಲ್ಲು ಗೊತ್ತಿಲ್ದೋರು ನಮ್ಮ ದೋಣಿ ಮುಟ್ಟಬಾರ್ದು" ಎಂದು ನಿನ್ನ ಭಾವ ಹಠ ಹಿಡಿದಿದ್ದಾರೆ. ನಾವು ಏಳು ಜನ ಇದ್ದೇವೆ. ಎಂಟು ಬೇಕು.

ಬರುತ್ತೀಯಾ?

ನಿನ್ನೆಯ ಹಡಗಿನಲ್ಲೂ ಅಕ್ಕಿ ಬರಲಿಲ್ಲ, ಲಕೋಟೆ ಅಂಟಿಸಲು ಮನೆಯಲ್ಲಿ ಒಂದು ಅನ್ನದ ಅಗುಳೂ ಇಲ್ಲ. ನಿನ್ನ ಭಾವ ಹಡಗಿನವರ ಹತ್ತಿರ ಅಂಟು ಕೇಳಿ ಅಂಟಿಸುತ್ತಾರೆ.

ಶಿಗೆನೊ

ತೊಕುಮಾ. ಬರೆಯುತ್ತಿರುವುದು ಭಾವ. ದೋಣಿಯಲ್ಲಿ ಕೂತಿದ್ದೇನೆ, ಅಕ್ಷರ ಅಲ್ಲಾಡುತ್ತದೆ. ಮೇಲೆ ಅಕ್ಕ ಬರೆದದ್ದು ಅವಳ ಒಳ್ಳೆಯತನ. ಅಲೆ ಇರಲಿಲ್ಲ. ಇಲ್ಲಿ ಈಗ ಬಿಳಿ ಬಟ್ಟೆ ಬೀಸಿದರೆ ಹಡಗು ನಿಲ್ಲುವುದಿಲ್ಲ ಎಂದು ಅರ್ಥ. ನಿನಗೆ ಗೊತ್ತಿರಲಿಲ್ಲ. ನಾನು ಬಟ್ಟೆ ನೋಡಿದೆ, ಮುಖ ನೋಡಲಿಲ್ಲ. ತಪ್ಪು ನನ್ನದು. ಮುದ್ರೆ ಒತ್ತಿದ್ದು ಆ ಸಂಜೆ. ಬೇರೆಯವರಿಂದ ಕೇಳಿ ಒಬ್ಬನೇ ಕೊರಗಬಾರದು ಎಂದು ಹೇಳುತ್ತಿದ್ದೇನೆ. ಈ ಸಲ ಏನೂ ಬೀಸಬೇಡ. ಸುಮ್ಮನೆ ನಿಂತುಕೋ. ನಾನು ಗುರುತಿಸುತ್ತೇನೆ. ದೋಣಿ ತರುತ್ತೇನೆ.


ಒಸಾಕಾ
೧೯ ಮೇ ೧೯೭೦

ಭಾವ ಅವರಿಗೆ,

ಚೀಲ ಬಿಚ್ಚುವವರು ನೀವಾದ್ದರಿಂದ ನಿಮ್ಮ ಹೆಸರಿಗೇ ಬರೆಯುತ್ತಿದ್ದೇನೆ. ಇದನ್ನು ಅಕ್ಕನಿಗೆ ತೋರಿಸಬೇಡಿ. ಅವಳಿಗೆ ಬೇರೆ ಬರೆದಿದ್ದೇನೆ. ಅದರಲ್ಲಿ ಆ ದೊಡ್ಡ ಅಲೆಗೆ ಚೆನ್ನಾಗಿ ಬೈದಿದ್ದೇನೆ, ಮೇಷ್ಟ್ರು ಬಿದ್ದದ್ದಕ್ಕೆ ನಕ್ಕಿದ್ದೇನೆ. ನಾನು ನಂಬಿದೆನೆಂದು ಅವಳು ನಿಶ್ಚಿಂತೆಯಿಂದಿರಲಿ.

ನಿಮ್ಮ ಸಾಲುಗಳನ್ನು ಓದಿ ಬಹಳ ದುಃಖವಾಯಿತು. ಟವೆಲನ್ನು ಮೇಸ್ತ್ರಿಗೆ ಹಿಂದಕ್ಕೆ ಕೊಟ್ಟೆ. "ಯಾಕೋ, ಹರಿದಿದ್ಯಾ?" ಎಂದರು. ಇಲ್ಲ ಎಂದೆ. ತಪ್ಪು ನಿಮ್ಮದೆಂದು ಬರೆದಿದ್ದೀರಿ. ಇಬ್ಬರೂ ಅರ್ಧರ್ಧ ಹಂಚಿಕೊಳ್ಳೋಣ.

ಜೂನ್ ಕೊನೆಗೆ ಇಲ್ಲಿಂದ ಹೊರಡುತ್ತೇನೆ. ಆ ಹುಟ್ಟನ್ನು ಬೇರೆ ಯಾರಿಗೂ ಕೊಡಬೇಡಿ. ಒಂದು ಮಾತು ಕೇಳಬೇಕೆನಿಸಿತು: ಕೊನೆಯ ಸಲ ಎಲ್ಲರನ್ನೂ ಹತ್ತಿಸಿದ ಮೇಲೆ ನಾವು ಎಂಟು ಜನವೂ ಹಡಗಿನ ಮೇಲಿರುತ್ತೇವೆ. ಆಗ ದೋಣಿಯನ್ನು ದಡಕ್ಕೆ ಎಳೆಯುವವರು ಯಾರು? ನೀವು ಯೋಚಿಸಿರುತ್ತೀರಿ. ಬಂದಾಗ ಹೇಳಿ.

ಹಡಗಿನ ಮುಂಭಾಗದಲ್ಲಿ ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಿಂತಿರುತ್ತೇನೆ.

ತೊಕುಮಾ